ಅರ್ಜಿಗೆ ತೂಕ ಬರೋದು ಎಲ್ಲಿಂದ?



ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಶಾಲೆಗಳಲ್ಲಿ ಓದುವ ನಿಮ್ಮಲ್ಲಿ ಹಲವರಿಗೆ ಮುಂದೆ ದೊಡ್ಡ ಸಂಸ್ಥೆಯಲ್ಲಿ ವಿಜ್ಞಾನ ಓದುವ ಆಸೆ ಇದೆ. ಜೊತೆಗೆ, "ನಮ್ಮದು ಕನ್ನಡ ಮಾಧ್ಯಮ, ಊರು ಗಡಿಯಾಗ ಅದ, ನಮ್ಮ ಅರ್ಜಿ ಯಾರು ನೋಡ್ತಾರೆ?" ಅನ್ನೋ ಅಳುಕೂ ಇದೆ. ಹಾಗಾದರೆ ಆ ಸಂಸ್ಥೆಗಳು ಮಕ್ಕಳನ್ನು ಹೇಗೆ ಆರಿಸ್ತವೆ ಅನ್ನೋದನ್ನ ಮೊದಲು ತಿಳಿಯೋಣ.

ಒಂದು ದಾರಿ ಬರೀ ಪರೀಕ್ಷೆಯದು. ಪುಣೆಯ ಐಸರ್ ಸೇರಲು ಐಎಟಿ ಬರೆಯಬೇಕು. 3 ಗಂಟೆ, 60 ಪ್ರಶ್ನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ತಲಾ 15. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ತನ್ನ 4 ವರ್ಷದ ಬಿಎಸ್ ಕೋರ್ಸಿಗೆ ಈ ಅಂಕ ಪರಿಗಣಿಸುತ್ತದೆ. ಆದ್ದರಿಂದ ಹನ್ನೊಂದನೆಯ ತರಗತಿಯಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ಇಟ್ಟುಕೊಂಡರೆ ಒಳ್ಳೆಯದು. ಇಲ್ಲಿ ಪ್ರಮಾಣಪತ್ರಗಳ ಕಟ್ಟು ಕೆಲಸಕ್ಕೆ ಬರೋದಿಲ್ಲ.

ಇನ್ನೊಂದು ದಾರಿಯಲ್ಲಿ ನಿಮ್ಮ ಮಾತನ್ನೂ ಕೇಳುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಸಂದರ್ಶನ ಇರುತ್ತದೆ; ಬಡ ಕುಟುಂಬದ ಮಕ್ಕಳಿಗೆ ಶುಲ್ಕದ ನೆರವೂ ಇದೆ. ಅಮೆರಿಕದ ಎಂಐಟಿ ಅರ್ಜಿದಾರರಿಂದ ಬರಹ ಕೇಳುತ್ತದೆ, ಇಬ್ಬರು ಶಿಕ್ಷಕರ ಪತ್ರವನ್ನೂ ಕೇಳುತ್ತದೆ. ಇಂಥ ಕಡೆ ಹತ್ತು ಸ್ಪರ್ಧೆಯ ಪ್ರಮಾಣಪತ್ರಕ್ಕಿಂತ, ನೀವೇ ಮಾಡಿದ ಒಂದು ಕೆಲಸಕ್ಕೆ ಹೆಚ್ಚು ತೂಕ. ಯಾಕಂದ್ರೆ ಅದರ ಬಗ್ಗೆ ಎಷ್ಟು ಕೆದಕಿ ಕೇಳಿದರೂ ನಿಮ್ಮ ಹತ್ತಿರ ಉತ್ತರ ಇರುತ್ತದೆ.

ಅಂಥ ಕೆಲಸಕ್ಕೆ ದುಬಾರಿ ಪ್ರಯೋಗಾಲಯ ಬೇಡ. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದ ಸುದ್ದಿ ಮನೆಯಲ್ಲಿ ಕೇಳಿರಬಹುದು. ನೀರೇ ನಿಮ್ಮ ವಿಷಯ ಆಗಲಿ. ಊರಿನ ಎರಡು ಬಾವಿ ಆರಿಸಿಕೊಳ್ರಿ. ಪ್ರತಿ ಭಾನುವಾರ ಬೆಳಿಗ್ಗೆ, ಮೋಟಾರು ಹಚ್ಚುವ ಮೊದಲು, ದೊಡ್ಡವರ ಜೊತೆ ಹೋಗಿ, ಕಲ್ಲು ಕಟ್ಟಿದ ಹಗ್ಗ ಬಿಟ್ಟು ಕಟ್ಟೆಯಿಂದ ನೀರಿನ ತನಕ ಎಷ್ಟು ಮೀಟರ್ ಅಂತ ಅಳೆದು ಬರೀರಿ. ಅಳೆಯುವ ಜಾಗ ಒಂದೇ ಇರಲಿ. ದಿನಾಂಕ, ಆ ವಾರದ ಮಳೆ, ಎರಡನ್ನೂ ಪಕ್ಕದಲ್ಲಿ ಗುರುತು ಹಾಕ್ರಿ.

ಈಗ ಗಣಿತ ತರ್ರಿ. ದುಂಡು ಬಾವಿಯ ವ್ಯಾಸ 6 ಮೀಟರ್ ಇದ್ದರೆ ನೀರಿನ ಮೇಲ್ಮೈ 3.14 × 3 × 3, ಅಂದರೆ 28.26 ಚದರ ಮೀಟರ್. ಮಟ್ಟ 10 ಸೆಂಟಿಮೀಟರ್ ಇಳಿದರೆ 2,826 ಲೀಟರ್ ಕಡಿಮೆಯಾಯಿತು. ಒಂದೇ ಮಳೆಗೆ ಒಂದು ಬಾವಿ ಬೇಗ ತುಂಬಿ, ಇನ್ನೊಂದು ತುಂಬದೇ ಇದ್ದರೆ ಯಾಕೆ? ನಮ್ಮ ನೆಲದಡಿ ಇರುವುದು ಕರಿಕಲ್ಲು, ಬಸಾಲ್ಟ್. ಅದರ ಬಿರುಕು ಮತ್ತು ಸವೆದ ಪದರಗಳಲ್ಲಿ ನೀರು ನಿಲ್ಲುತ್ತದೆ. ಬಿರುಕು ಎಲ್ಲ ಕಡೆ ಒಂದೇ ಥರ ಇರೋದಿಲ್ಲ. ಇದೇ ಕಾರಣವೋ, ಪಕ್ಕದ ಹೊಲದ ಬೋರ್‌ವೆಲ್ಲೋ? ನಿಮ್ಮ ಲೆಕ್ಕ ಹೇಳಲಿ. ಅಳತೆ ತಪ್ಪಿದ ವಾರ ಖಾಲಿ ಬಿಡ್ರಿ, ಊಹಿಸಿ ತುಂಬಬೇಡ್ರಿ.

ಹೀಗೆ ಹುಟ್ಟಿದ ಹೊಸ ವಿಚಾರವನ್ನು ಶಾಲೆಯ ಮೂಲಕ ಇನ್‌ಸ್ಪೈರ್-ಮಾನಕ್‌ಗೆ ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ.

ಕೊನೆಗೆ ಭಾಷೆಯ ಮಾತು. ನೀಟ್, ಜೆಇಇ ಮೇನ್ ಎರಡೂ ಕನ್ನಡದಲ್ಲಿ ಇವೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗೋದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮಹಾರಾಷ್ಟ್ರದ ಕೇಂದ್ರ ಆರಿಸಿದರೆ ಸಿಗೋದಿಲ್ಲ. ಅರ್ಜಿ ತುಂಬುವಾಗ ಆ ವರ್ಷದ ಮಾಹಿತಿ ಪುಸ್ತಕ ಓದಿ, ಬೀದರ ಅಥವಾ ಕಲಬುರಗಿಯಂಥ ಕೇಂದ್ರದ ವಿಚಾರ ಮಾಡ್ರಿ. ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಅದಕ್ಕೇ ದಿನಕ್ಕೆ ಐದು ವಿಜ್ಞಾನ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಳ್ರಿ. ವಿಷಯ ಕನ್ನಡದಲ್ಲಿ ಚೆನ್ನಾಗಿ ತಿಳಿದಿದ್ದರೆ ಪದ ಕಲಿಯೋದು ಕಷ್ಟ ಅಲ್ಲ.

ಬರುವ ಭಾನುವಾರ ಹಗ್ಗ, ಟೇಪು, ನೋಟ್‌ಬುಕ್ ತಯಾರಿರಲಿ. ಮೊದಲ ನಾಲ್ಕು ವಾರದ ಅಳತೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸ್ರಿ.