ಚಳಿ ಅಂತ ಎಸಿ ಆರಿಸಿದ್ದೇ ತಪ್ಪಾಯ್ತು!

ಕಳೆದ ಜುಲೈನಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು, ಮಳೆಯಲ್ಲಿ ನೆನೆದುಕೊಂಡೇ ಕಾರು ಹತ್ತಿ, ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದೆವು. "ಚಳಿ ಆಗ್ತಿದೆ ಕಣೋ, ಆ ಎಸಿ ಆರಿಸು" ಅಂದರು ಅಮ್ಮ. ಆರಿಸಿದೆ. ಹೊರಗಿನ ತಣ್ಣನೆ ಗಾಳಿಯೂ ಬರದಿರಲಿ ಅಂತ, ಒಳಗಿನ ಗಾಳಿಯೇ ಸುತ್ತುವ ಬಟನ್ ಕೂಡ ಒತ್ತಿದೆ.

ಎರಡು ತಿರುವು ದಾಟುವಷ್ಟರಲ್ಲಿ ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ವೈಪರ್ ಓಡುತ್ತಲೇ ಇದೆ, ಏನೂ ಕಾಣಿಸ್ತಿಲ್ಲ. ಅಪ್ಪ ಟವೆಲ್‌ನಿಂದ ಒರೆಸಿದರೆ ಅರ್ಧ ನಿಮಿಷಕ್ಕೆ ಮತ್ತೆ ಮಂಜು. ಎದುರಿಗೆ ಬಂದ ಬಸ್ಸಿನ ಹೆಡ್‌ಲೈಟ್ ಬರೀ ಹಳದಿ ಮಚ್ಚೆಯಂತೆ ಕಂಡಿತು. ಅದು ಎಷ್ಟು ದೂರದಲ್ಲಿದೆ ಅನ್ನೋದೇ ಗೊತ್ತಾಗಲಿಲ್ಲ. ರಸ್ತೆ ಅಗಲವಿದ್ದ ಕಡೆ ಹೇಗೋ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಹಿಂದೆ ಬಂದ ಜೀಪಿನ ಡ್ರೈವರ್ ಪಕ್ಕದಲ್ಲಿ ನಿಲ್ಲಿಸಿ, "ಏನ್ ಸಾರ್, ಗ್ಲಾಸ್ ಮಂಜಾಯ್ತಾ? ಎಸಿ ಹಾಕಿ, ಜೊತೆಗೇ ಹೀಟರೂ ತಿರುಗಿಸಿ. ಹೊರಗಿನ ಗಾಳಿ ಬಿಡಿ" ಅಂದರು.

ಎರಡೂ ಒಟ್ಟಿಗಾ? ನನ್ನ ತಲೆಯಲ್ಲಿ ಎಸಿ, ಹೀಟರ್ ಅಂದ್ರೆ ಒಂದು ಇದ್ದರೆ ಇನ್ನೊಂದು ಇಲ್ಲ ಅಂತಲೇ ಇತ್ತು. ಆದರೂ ಹೇಳಿದಂತೆ ಮಾಡಿದೆ. ಒಂದೆರಡು ನಿಮಿಷದಲ್ಲಿ ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಯಿತು.

ವಾಪಸ್ ಬಂದ ಮೇಲೆ ಕಾರಿನ ಮ್ಯಾನುವಲ್ ಹಿಡಿದು ಕೂತಾಗ ವಿಷಯ ಅರ್ಥವಾಯಿತು. ಡ್ಯಾಶ್‌ಬೋರ್ಡ್ ಹಿಂದೆ ಗಾಳಿ ಸಾಗುವ ಒಂದೇ ದಾರಿ ಇದೆ. ಅದರಲ್ಲಿ ಮೊದಲು ಸಿಗೋದು ಎಸಿಯ ತಣ್ಣನೆ ಕಾಯಿಲ್. ತಣ್ಣೀರಿನ ಚೊಂಬಿನ ಮೇಲೆ ಹನಿ ಕೂರುವಂತೆ ಗಾಳಿಯಲ್ಲಿನ ತೇವ ಅದರ ಮೇಲೆ ಕೂರುತ್ತದೆ. ಬೇಸಿಗೆಯಲ್ಲಿ ಕಾರಿನ ಕೆಳಗೆ ತೊಟ್ಟಿಕ್ಕೋದು ಇದೇ ನೀರು. ಆಮೇಲೆ ಸಿಗೋದು ಹೀಟರ್, ಅಂದರೆ ಎಂಜಿನ್‌ನ ಬಿಸಿ ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರ್. ಎಂಜಿನ್ ಕಾದಾಗ ಆ ಕೂಲಂಟ್ ಸುಮಾರು 90 ಡಿಗ್ರಿ ಇರುತ್ತದೆ. ಎಷ್ಟು ಗಾಳಿ ಹೀಟರ್ ಮೂಲಕ ಹೋಗಬೇಕು ಅನ್ನೋದನ್ನು ಒಂದು ಸಣ್ಣ ಬಾಗಿಲು ನಿರ್ಧರಿಸುತ್ತದೆ. ನಾವು ತಿರುಗಿಸುವ ನೀಲಿ-ಕೆಂಪು ನಾಬ್ ಹೆಚ್ಚಿನ ಕಾರುಗಳಲ್ಲಿ ಅಲುಗಾಡಿಸೋದು ಈ ಬಾಗಿಲನ್ನೇ.

ಅಂದರೆ ಎಸಿ ಬರೀ ತಂಪು ಮಾಡುವ ಯಂತ್ರವಲ್ಲ, ಗಾಳಿಯನ್ನು ಒಣಗಿಸುವ ಯಂತ್ರ. ಬಟ್ಟೆ ಹಿಂಡಿ ಬಿಸಿಲಿಗೆ ಹಾಕ್ತೀವಲ್ಲ, ಹಾಗೆ. ಹಿಂಡೋದು ಎಸಿ, ಬಿಸಿಲು ಹೀಟರ್. ಒಣಗಿದ ಬಿಸಿ ಗಾಳಿ ಗಾಜಿನ ತೇವವನ್ನು ಹೀರಿಕೊಳ್ಳುತ್ತದೆ, ಗಾಜನ್ನೂ ಬೆಚ್ಚಗಾಗಿಸುತ್ತದೆ.

ನಾನು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಎಸಿ ಆರಿಸಿದಾಗ ಕಾಯಿಲ್ ಮೇಲಿದ್ದ ನೀರು ಆವಿಯಾಗಿ ಕಾರಿನೊಳಗೇ ಬಂತು. ಅದರ ಜೊತೆ ಮೂವರ ಉಸಿರು, ಒದ್ದೆ ಬಟ್ಟೆ. ಆ ಬಟನ್ ಒತ್ತಿ ಎಲ್ಲ ತೇವವನ್ನೂ ಒಳಗೇ ಕೂಡಿ ಹಾಕಿದ್ದೆ.

ಖರ್ಚಿನ ಲೆಕ್ಕವೂ ಕೇಳಿ. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹೀಟರ್ ಹೆಚ್ಚೂಕಮ್ಮಿ ಪುಕ್ಕಟೆ, ಎಂಜಿನ್ ಹೇಗೂ ಹೊರಗೆ ಬಿಡುವ ಬಿಸಿಯೇ ಅದು. ಎಸಿ ಕಂಪ್ರೆಸರ್‌ಗೆ ಮಾತ್ರ ಸ್ವಲ್ಪ ಇಂಧನ ಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಎರಡಕ್ಕೂ ಬ್ಯಾಟರಿಯೇ ಗತಿ.

ಇನ್ನೊಂದು ವಿಷಯ. ಘಾಟಿ ಇಳಿದು ಕರಾವಳಿಯ ಸೆಕೆಗೆ ಬಂದ ಮೇಲೆ ಮಂಜು ಗಾಜಿನ ಹೊರಗೂ ಕೂರಬಹುದು. ವೈಪರ್ ಹಾಕಿದಾಗ ಹೋದರೆ ಅದು ಹೊರಗಿನದು. ಆಗ ಗಾಜಿಗೆ ತಣ್ಣನೆ ಗಾಳಿ ಬಿಡಬೇಡಿ, ತಂಪು ಕಡಿಮೆ ಮಾಡಿ. ಬೆರಳಿನಿಂದ ಒಳಗೆ ಉಜ್ಜಿದಾಗ ಹೋದರೆ ಒಳಗಿನದು. ಅದಕ್ಕೆ ಜೀಪಿನವರ ಮದ್ದು: ಎಸಿ, ಹೀಟರ್, ಹೊರಗಿನ ಗಾಳಿ, ಗಾಳಿಯ ದಿಕ್ಕು ಮುಂದಿನ ಗಾಜಿನ ಕಡೆಗೆ.

ಈ ಬಟನ್‌ಗಳೆಲ್ಲ ಎಲ್ಲಿವೆ ಅಂತ ಮನೆ ಮುಂದೆಯೇ ಒಮ್ಮೆ ನೋಡಿಕೊಳ್ಳಿ. ಘಾಟಿಯ ತಿರುವಿನಲ್ಲಿ ಹುಡುಕೋಕೆ ಟೈಮ್ ಇರಲ್ಲ.

ಈಗ ಅಮ್ಮ ಚಳಿ ಅಂದರೆ ನಾಬ್ ಕೆಂಪಿನ ಕಡೆ ತಿರುಗಿಸ್ತೀನಿ, ಅಷ್ಟೇ. ಎಸಿ ಲೈಟ್ ಉರೀತಿರೋದು ನೋಡಿ, "ಇನ್ನೂ ಆರಿಸೇ ಇಲ್ವಲ್ಲೋ" ಅಂತಾರೆ. ಹಿಂದಿನ ಸೀಟಿನಿಂದ ಅಪ್ಪ, "ಇರಲಿ ಬಿಡೇ, ರಸ್ತೆ ಕಾಣಲಿ" ಅಂತಾರೆ.