ಎರಡು ದಿನ ಮರಳಿನ ಊರಿನಲ್ಲಿ

ರಜೆ ಹತ್ತಿರ ಬಂತೆಂದರೆ ಮನೆ ಮನೆಯಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಊಟಿ ನೋಡಿಯಾಯಿತು, ಜೋಗ ನೋಡಿಯಾಯಿತು, ಗೋವಾದ ಸಮುದ್ರವನ್ನು ಎರಡು ಸಲ ನೋಡಿಯಾಯಿತು. ಭೂಗೋಳದ ಪಾಠದಲ್ಲಿ ಥಾರ್ ಮರುಭೂಮಿಗೆ ಹಳದಿ ಬಣ್ಣ ಬಳಿದ ಮಗಳು ‘ಈ ಸಲ ಮರಳುಗಾಡಿಗೆ ಹೋಗೋಣ’ ಎಂದಾಗ ತಂದೆ–ತಾಯಿ ಮುಖ ಮುಖ ನೋಡಿಕೊಳ್ಳುತ್ತಾರೆ. ಅಲ್ಲಿ ನೋಡುವುದಕ್ಕೆ ಏನಿದೆ? ಬಿಸಿಲು, ಮರಳು, ಒಂಟೆ, ಅಷ್ಟೇ ತಾನೆ?

ಅಷ್ಟೇ ಅಲ್ಲ. ರಾಜಸ್ಥಾನದ ಪಶ್ಚಿಮ ತುದಿಯಲ್ಲಿರುವ ಜೈಸಲ್ಮೇರ್ ಪಟ್ಟಣದ ಸುತ್ತ ಐವತ್ತು ಕಿಲೋಮೀಟರಿನೊಳಗೆ ಕಲ್ಲಾದ ಕಾಡು, ನಡೆದಾಡುವ ಮರಳು ಗುಡ್ಡಗಳು, ಜನ ಬಿಟ್ಟುಹೋದ ಊರು, ಅಳಿವಿನಂಚಿನಲ್ಲಿರುವ ಹಕ್ಕಿ ಎಲ್ಲವೂ ಇವೆ. ಹತ್ತನೆಯ ತರಗತಿಯವರೆಗಿನ ವಿಜ್ಞಾನ ಪುಸ್ತಕದ ಅರ್ಧದಷ್ಟನ್ನು ಅಲ್ಲಿ ಕಣ್ಣಾರೆ ನೋಡಬಹುದು. ಆದರೆ ಯೋಜನೆಯಿಲ್ಲದೆ ಹೋದವರಿಗೆ ಮರುಭೂಮಿ ಸುಲಭವಾಗಿ ಒಲಿಯುವುದಿಲ್ಲ. ಅಲ್ಲಿ ತಪ್ಪು ಲೆಕ್ಕಾಚಾರಕ್ಕೆ ತೆರಬೇಕಾದ ಬೆಲೆ ಬರೀ ಹಣವಲ್ಲ, ಆರೋಗ್ಯ.

ಮೊದಲ ಪ್ರಶ್ನೆ, ಯಾವಾಗ ಹೋಗಬೇಕು? ನಮ್ಮ ಶಾಲೆಗಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್–ಮೇ ತಿಂಗಳಲ್ಲಿ. ಆಗ ಅತ್ತ ತಲೆಹಾಕಿಯೂ ಮಲಗಬಾರದು. ಮೇ ತಿಂಗಳಲ್ಲಿ ಜೈಸಲ್ಮೇರಿನ ಹಗಲಿನ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯ. ಅದೇ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ದಸರೆಯ ರಜೆಯಲ್ಲಿಯೂ ನಡುಹಗಲು ಸುಡುತ್ತದೆ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ; ಶಾಲಾ ಮಕ್ಕಳಿರುವ ಮನೆಯವರಿಗೆ ಉಳಿಯುವುದು ಕ್ರಿಸ್‌ಮಸ್ ಸುತ್ತಲಿನ ದಿನಗಳು. ಬೆಂಗಳೂರು ಅಥವಾ ಹುಬ್ಬಳ್ಳಿಯಿಂದ ಜೋಧಪುರ ರೈಲಿನಲ್ಲಿ ಬಹಳ ದೂರ, ಅಲ್ಲಿಂದ ಜೈಸಲ್ಮೇರಿಗೆ ಇನ್ನೂ ಮುನ್ನೂರು ಕಿಲೋಮೀಟರಿನಷ್ಟಿದೆ. ಆದ್ದರಿಂದ ಕರ್ನಾಟಕದವರಿಗೆ ಇದು ಬರೀ ಶನಿವಾರ–ಭಾನುವಾರದ ಪ್ರವಾಸವಾಗದು. ಜೋಧಪುರ, ಉದಯಪುರಗಳ ಪ್ರವಾಸದ ನಡುವೆ ಎರಡು ದಿನವನ್ನು ಮರಳಿಗೆಂದೇ ಎತ್ತಿಡುವುದು ಜಾಣತನ.

ಸೂರ್ಯ ತಡವಾಗಿ ಏಳುವ ಊರು

ಪ್ರವಾಸವೆಂದರೆ ಬೆಳಗಿನ ಐದಕ್ಕೆ ಎದ್ದು ಆರಕ್ಕೆ ಹೊರಡುವುದು ನಮ್ಮವರ ಅಭ್ಯಾಸ. ಜೈಸಲ್ಮೇರಿನಲ್ಲಿ ಡಿಸೆಂಬರ್ ಕೊನೆಗೆ ಆರು ಗಂಟೆಗೆ ಹೊರಬಂದರೆ ಕಾಣುವುದು ಕಗ್ಗತ್ತಲೆ. ಅಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಸುಮಾರಿಗೆ. ಬೆಂಗಳೂರಿನಲ್ಲಿ ಅದೇ ದಿನ ಆರು ಮುಕ್ಕಾಲಿಗೆ ಮೊದಲೇ ಬೆಳಕು ಹರಿದಿರುತ್ತದೆ. ಕಾರಣ ಪುಸ್ತಕದಲ್ಲೇ ಇದೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದೆ. ಜೈಸಲ್ಮೇರ್ ಇರುವುದು ಹತ್ತಿರ ಹತ್ತಿರ 71 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು 46 ನಿಮಿಷ ಹಿಂದೆ. ಆದರೂ ಸಂಜೆ ಸೂರ್ಯ ಮುಳುಗುವುದು ಎರಡೂ ಊರುಗಳಲ್ಲಿ ಹೆಚ್ಚುಕಡಿಮೆ ಆರಕ್ಕೇ! ಉತ್ತರಕ್ಕೆ ಹೋದಂತೆ ಚಳಿಗಾಲದ ಹಗಲು ಚಿಕ್ಕದಾಗುತ್ತದೆಂಬುದನ್ನು ನೆನೆದರೆ ಇದರ ಗುಟ್ಟು ಮಕ್ಕಳಿಗೇ ಹೊಳೆಯುತ್ತದೆ. ಕೈಯಲ್ಲಿರುವ ಹಗಲು ಹತ್ತೂವರೆ ಗಂಟೆ ಮಾತ್ರ ಎಂದು ಬರೆದಿಟ್ಟುಕೊಂಡೇ ಕಾರ್ಯಕ್ರಮ ಹಾಕಬೇಕು.

ಇದೇ ಲೆಕ್ಕದಿಂದ ಕೆಲವು ಜಾಗಗಳನ್ನು ಬಿಡಬೇಕಾಗುತ್ತದೆ. 1971ರ ಯುದ್ಧದ ಲೋಂಗೆವಾಲಾ, ಗಡಿಯ ತನೋಟ್ ದೇಗುಲ ಎಂದು ಎಲ್ಲರೂ ಕೇಳುತ್ತಾರೆ. ತನೋಟ್‌ಗೆ ಹೋಗಿ ಬರುವುದೆಂದರೆ ಇನ್ನೂರ ನಲವತ್ತು ಕಿಲೋಮೀಟರಿನಷ್ಟಾಯಿತು. ಅದಕ್ಕೆ ಮೂರನೆಯ ದಿನ ಬೇಕು. ಎರಡೇ ದಿನದಲ್ಲಿ ಎಲ್ಲವನ್ನೂ ತುರುಕಿದರೆ ಮಕ್ಕಳು ನೋಡುವುದು ಜೀಪಿನ ಕಿಟಕಿಯನ್ನು ಮಾತ್ರ.

ಶನಿವಾರ ಬೆಳಿಗ್ಗೆ ಅಕಾಲ್‌ಗೆ ಹೋಗುವುದು ಒಳ್ಳೆಯದು. ಪಟ್ಟಣದಿಂದ ಬಾರ್ಮೇರ್ ರಸ್ತೆಯಲ್ಲಿ ಹದಿನೇಳು ಕಿಲೋಮೀಟರ್. ಬೇಲಿ ಹಾಕಿದ ಬೋಳು ದಿಬ್ಬದ ಮೇಲೆ ಅಲ್ಲಲ್ಲಿ ಮರದ ದಿಮ್ಮಿಗಳು ಬಿದ್ದಿರುತ್ತವೆ. ಮುಟ್ಟಿದರೆ ತಣ್ಣನೆಯ ಕಲ್ಲು! ಸುಮಾರು 18 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದಲ್ಲಿ, ಇಲ್ಲಿ ಮಳೆ ಸುರಿಯುವ ಕಾಡಿತ್ತು. ಬಿದ್ದ ಮರಗಳು ಮಣ್ಣಿನಡಿ ಹೂತುಹೋದವು. ಸಿಲಿಕ ಕರಗಿದ್ದ ನೀರು ಅವುಗಳೊಳಕ್ಕೆ ಇಳಿದು, ಮರದ ಅಂಶ ಹೋದಲ್ಲೆಲ್ಲ ಖನಿಜ ತುಂಬಿಕೊಂಡಿತು. ಅತಿ ಉದ್ದದ ದಿಮ್ಮಿ ಹದಿಮೂರು ಮೀಟರಿನಷ್ಟಿದೆ. ಕಾಡಿನ ನಂತರ ಅದೇ ಜಾಗವನ್ನು ಸಮುದ್ರ ಆವರಿಸಿತು. ಜೈಸಲ್ಮೇರ್ ಕೋಟೆಗೆ ಬಳಸಿದ ಹಳದಿ ಸುಣ್ಣಕಲ್ಲು ಆ ಸಮುದ್ರದ ತಳದಲ್ಲಿ ಕೂಡಿಕೊಂಡದ್ದೇ. ಕಾಡು, ಕಡಲು, ಈಗ ಮರಳು. ಒಂದೇ ನೆಲದ ಮೂರು ಅವತಾರ. ಇಲ್ಲಿ ಹಿರಿಯರು ಎಚ್ಚರದಿಂದಿರಬೇಕಾದ ವಿಷಯವೊಂದಿದೆ. ‘ನೆನಪಿಗೆ ಒಂದು ಚೂರು’ ಎಂದು ಕಲ್ಲು ಆರಿಸಿ ಜೇಬಿಗಿಳಿಸುವವರು ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಅದು ಅಪರಾಧ. ಹಾಗೆ ಒಂದೊಂದು ಚೂರು ಹೋಗುತ್ತಿದ್ದರೆ 18 ಕೋಟಿ ವರ್ಷ ಉಳಿದುಬಂದದ್ದು ನಮ್ಮ ಕಾಲದಲ್ಲೇ ಮುಗಿದೀತು.

ಒಂಟೆಯ ಬೆನ್ನಿನ ಮೇಲೆ

ನಡುಹಗಲು ಪಟ್ಟಣಕ್ಕೆ ಮರಳಿ ಊಟ, ವಿಶ್ರಾಂತಿ. ಮೂರು ಗಂಟೆಗೆ ಮರಳು ಗುಡ್ಡಗಳತ್ತ. ಹೆಚ್ಚಿನವರು ಹೋಗುವುದು ಪಶ್ಚಿಮಕ್ಕೆ 40 ಕಿಲೋಮೀಟರ್ ದೂರದ ಸಮ್‌ಗೆ. ಡೇರೆಗಳು, ಧ್ವನಿವರ್ಧಕ, ಗುಡ್ಡದ ಮೇಲೆ ಗುರುಗುಟ್ಟುವ ಜೀಪುಗಳು, ಎಲ್ಲ ಅಲ್ಲಿವೆ. ಜೀಪನ್ನು ಮರಳಿನ ಮೇಲೆ ಹಾರಿಸುವುದನ್ನು ಸಾಹಸವೆಂದು ಮಾರುತ್ತಾರೆ. ಸಾಹಸ ಮಾಡುವವನು ಡ್ರೈವರು. ಹಿಂದೆ ಕುಳಿತವರದ್ದು ಬರೀ ಸೊಂಟನೋವು. ಶಾಂತವಾಗಿರಬೇಕೆನ್ನುವವರಿಗೆ ನೈಋತ್ಯ ದಿಕ್ಕಿನ ಖೂರಿ ಹಳ್ಳಿ ಮೇಲು. ದೂರವೇನೂ ಬಹಳ ಹೆಚ್ಚಿಲ್ಲ, ಗದ್ದಲ ಬಹಳ ಕಡಿಮೆ.

ಒಂಟೆ ಸವಾರಿಗೆ ಮೊದಲೇ ದರ, ಸಮಯ ಎರಡನ್ನೂ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಒಂಟೆಯ ನಡಿಗೆ ಗಂಟೆಗೆ ನಾಲ್ಕೈದು ಕಿಲೋಮೀಟರ್. ಅಭ್ಯಾಸವಿಲ್ಲದವರಿಗೆ ಒಂದು ಗಂಟೆಯ ಸವಾರಿ ಸಾಕು. ಎರಡು ಗಂಟೆಯಾದರೆ ಮರುದಿನ ತೊಡೆಗಳು ಮಾತಾಡಿಸುತ್ತವೆ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂರುವಾಗ ಮೊದಲು ಮುಂಗಾಲು ಮಡಿಸುತ್ತದೆ. ಎರಡು ಸಲವೂ ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಆದ್ದರಿಂದ ಎರಡು ಸಲವೂ ತಡಿಯನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲಬೇಕು. ಸವಾರಿಯಲ್ಲಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇದನ್ನು ಯಾರೂ ಹೇಳಿಕೊಡದ ಕಾರಣಕ್ಕೆ. ಮೂಗಿನಲ್ಲಿ ಹುಣ್ಣಾಗಿರುವ, ಬೆನ್ನು ಕಿತ್ತುಹೋಗಿರುವ ಒಂಟೆ ಕಂಡರೆ ಏರದೆ ಬೇರೆಯದನ್ನು ಕೇಳುವುದು ನ್ಯಾಯ.

ಒಂಟೆಯ ಡುಬ್ಬದಲ್ಲಿ ನೀರಿರುತ್ತದೆ ಎಂದು ಈಗಲೂ ನಂಬಿರುವ ದೊಡ್ಡವರಿದ್ದಾರೆ. ಅಲ್ಲಿರುವುದು ಕೊಬ್ಬು. ಒಂಟೆಯ ನೀರಿನ ಜಾಣ್ಮೆ ಬೇರೆ ಕಡೆ ಇದೆ. ಮನುಷ್ಯನ ಮೈ 37 ಡಿಗ್ರಿಗಿಂತ ಎರಡು ಡಿಗ್ರಿ ಏರಿದರೆ ಅದು ಜ್ವರ. ಬಾಯಾರಿದ ಒಂಟೆ ತನ್ನ ಮೈಯ ಶಾಖವನ್ನು ಬೆಳಗಿನ 34ರಿಂದ ಸಂಜೆಯ 41 ಡಿಗ್ರಿಯವರೆಗೆ ಏರಲು ಬಿಟ್ಟುಕೊಂಡು ಬೆವರನ್ನು ಉಳಿಸುತ್ತದೆ. ಉಸಿರಿನ ತೇವವನ್ನು ಮೂಗಿನಲ್ಲೇ ಹಿಡಿದುಕೊಳ್ಳುತ್ತದೆ. ನೀರು ಸಿಕ್ಕಾಗ ಹತ್ತು–ಹದಿನೈದು ನಿಮಿಷದಲ್ಲಿ ನೂರು ಲೀಟರ್ ಹೀರಬಲ್ಲದು.

ನಮಗೆ ಆ ಸೌಲಭ್ಯವಿಲ್ಲ. ಒಣ ಗಾಳಿಯಲ್ಲಿ ಬೆವರು ಕಾಣುವ ಮುನ್ನವೇ ಆರಿಹೋಗುವುದರಿಂದ ಮೈಯಿಂದ ನೀರು ಹೋದದ್ದೇ ತಿಳಿಯುವುದಿಲ್ಲ. ಚಳಿಗಾಲದಲ್ಲೂ ತಲೆಗೆ ದಿನಕ್ಕೆ ಮೂರು ಲೀಟರ್ ನೀರು ಇಟ್ಟುಕೊಂಡು, ಬಾಯಾರದಿದ್ದರೂ ಗಂಟೆಗೊಮ್ಮೆ ಮಕ್ಕಳಿಗೆ ಕುಡಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಮಟ್ಟವಾಗಿ ಅಳೆದು ಕಲಸಿದರೆ ಬಳಲಿಕೆಗೆ ಮನೆಯ ಮದ್ದಾಯಿತು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದರ್ಥ. ಮಗು ತಲೆಸುತ್ತು ಎನ್ನುತ್ತ ಅಸಂಬದ್ಧ ಮಾತಾಡತೊಡಗಿದರೆ ಮಾತ್ರ ಮನೆಮದ್ದು ಬೇಡ. ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈ ತಣಿಸುತ್ತ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಂಜೆ ಗುಡ್ಡದ ಮೇಲೆ ಮಕ್ಕಳು ಮಾಡಬಹುದಾದ ಪ್ರಯೋಗಗಳು ಹಲವು. ಪ್ರತಿ ಗುಡ್ಡಕ್ಕೂ ಗಾಳಿ ಬರುವ ಕಡೆಯ ಇಳಿಜಾರು ನಿಧಾನ, ಮರೆಯ ಕಡೆಯದು ಕಡಿದು. ಆ ಕಡಿದಾದ ಮುಖದ ಕೋನ ಎಲ್ಲಿ ಅಳೆದರೂ 32–34 ಡಿಗ್ರಿಯ ಆಸುಪಾಸು. ಅದಕ್ಕಿಂತ ಕಡಿದಾದರೆ ಒಣ ಮರಳು ನಿಲ್ಲುವುದಿಲ್ಲ, ಜಾರುತ್ತದೆ. ಕೋನಮಾಪಕ, ದಾರ, ಒಂದು ಗುಂಡು ಇದ್ದರೆ ಅಳೆಯಬಹುದು. ಗಾಳಿ ಮರಳನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ಸುರಿಯುವುದರಿಂದ ಗುಡ್ಡವೇ ಮುಂದೆ ಸರಿಯುತ್ತದೆ. ಪ್ರಯೋಗಾಲಯದ ಆಲ್ಕೊಹಾಲ್ ಉಷ್ಣಮಾಪಕ ಒಂದಿದ್ದರೆ ಇನ್ನೂ ಚೆನ್ನ. ಮಧ್ಯಾಹ್ನ ಮೂರಕ್ಕೆ, ರಾತ್ರಿ ಎಂಟಕ್ಕೆ, ಬೆಳಿಗ್ಗೆ ಏಳಕ್ಕೆ ಮರಳಿನ ಮೇಲೆ ಮತ್ತು ಒಂದು ಗೇಣು ಆಳದಲ್ಲಿ ನೋಡಿ ಬರೆದಿಟ್ಟರೆ, ಮೇಲಿನ ಅಂಕಿ ಕುಣಿಯುವುದೂ ಕೆಳಗಿನದು ಅಲುಗದಿರುವುದೂ ಕಾಣುತ್ತದೆ. ಮರುಭೂಮಿಯ ಎಷ್ಟೋ ಜೀವಿಗಳು ಹಗಲು ಬಿಲದಲ್ಲಿರುವುದು ಏಕೆಂದು ಬೇರೆ ಹೇಳಬೇಕಿಲ್ಲ.

ರಾತ್ರಿ ಚಳಿ ಹಿಡಿಯುತ್ತದೆ. ಮಧ್ಯಾಹ್ನ ಅಂಗಿಯಲ್ಲಿ ಸೆಕೆ ಎಂದವರು ರಾತ್ರಿ ಸ್ವೆಟರ್ ಮೇಲೆ ಶಾಲು ಕೇಳುತ್ತಾರೆ. ಗಾಳಿಯಲ್ಲಿ ನೀರಾವಿ ಇಲ್ಲ, ಮೋಡವಿಲ್ಲ. ನೆಲದ ಶಾಖ ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಅದೇ ಒಣ ಆಕಾಶ ನಕ್ಷತ್ರ ನೋಡಲು ಶ್ರೇಷ್ಠ. ಅಮಾವಾಸ್ಯೆಯ ಹತ್ತಿರದ ದಿನವಾದರೆ ಇನ್ನೂ ಉತ್ತಮ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿರುವುದೋ ಅದೇ ಆ ಊರಿನ ಅಕ್ಷಾಂಶ. ಬೆಂಗಳೂರಿನಲ್ಲಿ 13 ಡಿಗ್ರಿ, ಇಲ್ಲಿ 27. ಚಾಚಿದ ಕೈಯ ಮುಷ್ಟಿ ಹತ್ತು ಡಿಗ್ರಿ ಎಂದು ಇಟ್ಟುಕೊಂಡು ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದರೆ ಸುಮಾರು ಮೂರು ಮುಷ್ಟಿ. ಮನೆಯ ಮಹಡಿಯಲ್ಲಿ ಮೊದಲೇ ಅಳೆದುಕೊಂಡು ಹೋದ ಮಕ್ಕಳು ಭೂಮಿ ದುಂಡಗಿರುವುದನ್ನು ತಮ್ಮ ಕೈಯಿಂದಲೇ ಕಂಡುಕೊಂಡಂತಾಯಿತು. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬಾರದು, ಬೆಳಿಗ್ಗೆ ಬೂಟನ್ನು ಕೊಡವಿಯೇ ಹಾಕಿಕೊಳ್ಳಬೇಕು. ಚೇಳು, ಗರಗಸ ಮಂಡಲದ ಹಾವು ಇರುವ ನೆಲ ಅದು.

ನಮ್ಮ ಸಿರುಗುಪ್ಪದ ನೆಂಟ

ಭಾನುವಾರ ಬೆಳಿಗ್ಗೆ ಮರುಭೂಮಿ ರಾಷ್ಟ್ರೀಯ ಉದ್ಯಾನ. ಮೂರು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ ಇದರ ಹುಲ್ಲುಗಾವಲಿನಲ್ಲಿ ಹೆಬ್ಬಕ ಹಕ್ಕಿ ಉಳಿದುಕೊಂಡಿದೆ. ನಮ್ಮ ಕಡೆ ಎರೆಭೂತ, ದೊರವಾಯನ ಹಕ್ಕಿ ಎನ್ನುತ್ತಾರೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಇವು ಬೆರಳೆಣಿಕೆಯಷ್ಟು ಕಂಡಿವೆ. ರಾಣೆಬೆನ್ನೂರಿನಲ್ಲಿ ಒಂದು ಕಾಲಕ್ಕೆ ಇದ್ದವು. ಇಡೀ ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಅವುಗಳಲ್ಲಿ ಬಹುಪಾಲು ಜೈಸಲ್ಮೇರ್ ಸೀಮೆಯಲ್ಲಿ. ಗಂಡು ಹಕ್ಕಿ ಹದಿನೈದು ಕಿಲೋ ತೂಗಬಲ್ಲದು. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ವಿದ್ಯುತ್ ತಂತಿ ಕಾಣುವುದಿಲ್ಲ, ಕಂಡರೂ ಆ ಭಾರದ ಮೈ ತಕ್ಷಣ ತಿರುಗದು. ಸಾಮಾನ್ಯವಾಗಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸಮ್ ಮತ್ತು ರಾಮದೇವ್ರಾಗಳಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಬೆಳೆಸುವ ಕೆಲಸ 2019ರಿಂದ ನಡೆದಿದೆ. ಪ್ರವಾಸಿಗರಿಗೆ ಹಕ್ಕಿ ಕಂಡರೆ ಭಾಗ್ಯ, ಕಾಣದಿದ್ದರೆ ಚಿಂಕಾರ ಜಿಂಕೆ, ರಣಹದ್ದುಗಳು ಸಿಗಬಹುದು. ಮುಂಚಿತವಾಗಿ ಅನುಮತಿ ವಿಚಾರಿಸಿಕೊಂಡು, ವಾಹನದಿಂದ ಇಳಿಯದೆ, ದುರ್ಬೀನಿನಲ್ಲಿ ನೋಡಬೇಕು.

ಮರಳುವ ದಾರಿಯಲ್ಲಿ ಕುಲಧರಾ. ಪಾಲಿವಾಲ ಬ್ರಾಹ್ಮಣರು ಹತ್ತೊಂಬತ್ತನೆಯ ಶತಮಾನದಲ್ಲಿ ತೊರೆದ ಊರು. ದೆವ್ವದ ಕಥೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ವರ್ಷಕ್ಕೆ ಇಪ್ಪತ್ತು ಸೆಂಟಿಮೀಟರ್ ಆಸುಪಾಸಿನ ಮಳೆಯಲ್ಲಿ ಆ ಜನ ಗೋಧಿ ಬೆಳೆದದ್ದು. ನಮ್ಮ ಚಳ್ಳಕೆರೆಗೂ ಅದರ ಎರಡು ಪಟ್ಟು ಮಳೆ ಬೀಳುತ್ತದೆ. ಇಳಿಜಾರಿನ ತಗ್ಗಿನಲ್ಲಿ ಉದ್ದನೆಯ ಏರಿ ಕಟ್ಟಿ, ಕಲ್ಲುನೆಲದ ಮೇಲೆ ಹರಿದ ಮಳೆನೀರನ್ನು ನಿಲ್ಲಿಸಿ, ಅದು ಇಂಗಿದ ಮೇಲೆ ಆ ತೇವದಲ್ಲೇ ಹಿಂಗಾರು ಬಿತ್ತುವ ಈ ಪದ್ಧತಿಗೆ ‘ಖಡೀನ್’ ಎಂದು ಹೆಸರು.

ಸಂಜೆ ಕೋಟೆ. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ, 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೋಟೆಯೊಳಗೆ ಈಗಲೂ ಜನ ವಾಸವಿದ್ದಾರೆ, ತಂಗುವ ಮನೆಗಳೂ ಇವೆ. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲಕ್ಕೆ ಕಟ್ಟಿದ ಊರಿಗೆ ನಲ್ಲಿ ಬಂದು, ಬಚ್ಚಲ ನೀರು ಬುನಾದಿಗೆ ಸೋರಿ, ಗೋಡೆಗಳೂ ಬುರುಜುಗಳೂ ಕುಸಿದದ್ದುಂಟು. ಆದ್ದರಿಂದ ಕೋಟೆಯನ್ನು ಒಳಗೆ ಹೊಕ್ಕು ನೋಡಿ, ರೂಮನ್ನು ಕೆಳಗಿನ ಪಟ್ಟಣದಲ್ಲಿ ಹಿಡಿಯುವುದು ಒಳ್ಳೆಯದು. ಸೂರ್ಯ ಇಳಿಯುವಾಗ ಇಡೀ ಗೋಡೆ ಜೇನಿನ ಬಣ್ಣಕ್ಕೆ ತಿರುಗುವುದು ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ಊರಿಗೆ ಬಂದು ಬಟ್ಟೆ ಒಗೆಯುವಾಗ ಜೇಬಿನ ಮೂಲೆಗಳಿಂದ ಒಂದಿಷ್ಟು ಮರಳು ಉದುರಿಯೇ ಉದುರುತ್ತದೆ. ಅದನ್ನು ಚೆಲ್ಲದೆ ಕಪ್ಪು ಕಾಗದದ ಮೇಲೆ ಹರಡಿ, ಪಕ್ಕದಲ್ಲಿ ಹೊಳೆಯ ಮರಳಿನ ನಾಲ್ಕು ಕಾಳಿಟ್ಟು, ಭೂತಗನ್ನಡಿಯಲ್ಲಿ ನೋಡಬಹುದು. ಹೊಳೆಯದ್ದು ಮೂಲೆ ಮೂಲೆಯಾಗಿ ಹೊಳೆಯುತ್ತದೆ. ಗಾಳಿಯಲ್ಲಿ ಒಂದಕ್ಕೊಂದು ಬಡಿದಾಡಿದ ಥಾರ್‌ನ ಕಾಳು ದುಂಡಗೆ, ಉಜ್ಜಿದ ಗಾಜಿನಂತೆ ಮಸುಕಾಗಿರುತ್ತದೆ.