ಒಂದು ಪದಕ್ಕೆ ಹಲವು ನುಡಿಗಳ ಸಾಕ್ಷಿ

ಕನ್ನಡದಲ್ಲಿ ಕಿವಿ, ತುಳುವಿನಲ್ಲಿ ಕೆಬಿ, ಕೊಡವದಲ್ಲಿ ಕೆಮಿ. ತಮಿಳು, ಮಲಯಾಳ, ತೆಲುಗುಗಳಲ್ಲಿ ಚೆವಿ. ಇವೆಲ್ಲ ಒಂದೇ ಮೂಲದ ಪದಗಳೆಂದು ಕೇಳಿದೊಡನೆ ಅನಿಸುತ್ತದೆ. ಆದರೆ ಮೂಲದಲ್ಲಿ ಇದ್ದದ್ದು ಕಕಾರವೋ ಚಕಾರವೋ ಎಂಬುದನ್ನು ಈ ಆರು ಭಾಷೆಗಳನ್ನಷ್ಟೇ ಬಲ್ಲವರು ಗಟ್ಟಿಯಾಗಿ ಹೇಳುವುದು ಕಷ್ಟ. ಛೋಟಾನಾಗಪುರದ ಕುರುಖ್ ಭಾಷೆಯಲ್ಲಿ ಕಿವಿಗೆ ಖೆಬ್ದಾ ಎನ್ನುತ್ತಾರೆ. ಬಲೂಚಿಸ್ತಾನದ ಬ್ರಾಹುಯಿಯಲ್ಲಿ ಖಫ್. ಅಷ್ಟು ದೂರದ ಈ ನುಡಿಗಳೂ ಕಕಾರದ ಪರವಾಗಿಯೇ ಸಾಕ್ಷಿ ನುಡಿಯುವುದರಿಂದ ಅದೇ ಹಳೆಯದು, ತಮಿಳು-ತೆಲುಗುಗಳ ಚಕಾರ ಆಮೇಲೆ ಬಂದದ್ದು ಎಂದು ತೀರ್ಮಾನವಾಗುತ್ತದೆ. ಸ್ವರದ ಮಾತು ಬೇರೆ. ತಮಿಳು, ತುಳು, ನೀಲಗಿರಿಯ ಕೋತ ಭಾಷೆಗಳು ಹಳೆಯ ಎಕಾರವನ್ನು ಉಳಿಸಿಕೊಂಡಿವೆ. ಮುಂದಿನ ಇಕಾರದ ಸೆಳೆತಕ್ಕೆ ಸಿಕ್ಕಿ ಕೆವಿ ಎಂಬುದು ಕಿವಿಯಾದದ್ದು ಕನ್ನಡದಲ್ಲಿ.

ಕನ್ನಡದ ಎರಡಕ್ಷರದ ಪದವೊಂದರ ಚರಿತ್ರೆ ತಿಳಿಯಲು ಬ್ರಾಹುಯಿ ಬಲ್ಲವರ ನೆರವು ಬೇಕಾಯಿತು. ದ್ರಾವಿಡ ಭಾಷೆಗಳು ಇಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ಹಳೆಯ ಬರವಣಿಗೆಯೇ ಇಲ್ಲ. ಇವನ್ನೆಲ್ಲ ಒಬ್ಬರೇ ಕಲಿಯಲು ಒಂದು ಆಯುಷ್ಯ ಸಾಲದು. ಆದ್ದರಿಂದ ಭಾಷಾವಿಜ್ಞಾನಿಗಳಿಗೆ ಒಬ್ಬರನ್ನೊಬ್ಬರು ಕೇಳುವುದು ಸೌಜನ್ಯದ ಮಾತಲ್ಲ, ಕೆಲಸದ ವಿಧಾನವೇ ಅದು.

ಆಕ್ಸ್‌ಫರ್ಡಿನ ಸಂಸ್ಕೃತ ಪ್ರಾಧ್ಯಾಪಕ ತಾಮಸ್ ಬರೋ ಮತ್ತು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಮರ್ರೆ ಎಮೆನೊ ಸೇರಿ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶ ಈ ವಿಧಾನದ ದೊಡ್ಡ ಫಲ. ಎಮೆನೊ 1935ರಿಂದ 1938ರವರೆಗೆ ಭಾರತದಲ್ಲಿದ್ದು ತೊದ, ಕೋತ, ಕೊಡವ ನುಡಿಗಳನ್ನು ಆಡುವವರ ಬಾಯಿಂದಲೇ ಬರೆದುಕೊಂಡಿದ್ದರು. ಬರೋ ಅವರಿಗೆ ಮಧ್ಯ ಭಾರತದಲ್ಲಿ ಜೊತೆಯಾದವರು ಸುಧಿಭೂಷಣ ಭಟ್ಟಾಚಾರ್ಯ. ಇಬ್ಬರೂ ಸೇರಿ ಬಸ್ತರ್ ಸೀಮೆಯ ಪರ್ಜಿ ಭಾಷೆಯ ಪುಸ್ತಕವನ್ನು 1953ರಲ್ಲಿ ಪ್ರಕಟಿಸಿದರು. ಬ್ರಾಹುಯಿಗೆ ಡೆನಿಸ್ ಬ್ರೇ ಎಂಬ ಬ್ರಿಟಿಷ್ ಅಧಿಕಾರಿಯ ಗ್ರಂಥ, ಕನ್ನಡಕ್ಕೆ 1894ರ ಕಿಟ್ಟೆಲ್ ಕೋಶ ಆಧಾರವಾದವು. ಕೊಂಡ ಭಾಷೆಯನ್ನು ಕ್ಷೇತ್ರಕ್ಕೆ ಹೋಗಿ ಅಧ್ಯಯನ ಮಾಡಿದವರು ಭದ್ರಿರಾಜು ಕೃಷ್ಣಮೂರ್ತಿ. ಕಿವಿಯ ನಮೂದು ಕೋಶದಲ್ಲಿ ಕೆಲವೇ ಸಾಲು. ಆ ಸಾಲುಗಳಲ್ಲಿ ಒಂದೊಂದು ರೂಪದ ಹಿಂದೆಯೂ ಯಾರೋ ಒಬ್ಬರು ಹಳ್ಳಿಯಲ್ಲಿ ಕುಳಿತು ಕೇಳಿದ, ಇನ್ನೊಬ್ಬರು ತಾಳ್ಮೆಯಿಂದ ಹೇಳಿದ ಗಳಿಗೆಯಿದೆ.

ಸಹಾಯ ಕೇಳುವುದಕ್ಕೂ ಒಂದು ಕ್ರಮವಿದೆ. ‘ನಿಮ್ಮ ಭಾಷೆಯಲ್ಲಿ ಈ ಪದ ಉಂಟೇ’ ಎಂದಷ್ಟೇ ಕೇಳಿದರೆ ಸಿಗುವ ಉತ್ತರ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಯಾವ ಊರಿನವರು, ಯಾವ ಸಮುದಾಯದವರು, ಎಂಥ ವಾಕ್ಯದಲ್ಲಿ ಬಳಸುತ್ತಾರೆ, ಹಿರಿಯರೂ ಕಿರಿಯರೂ ಒಂದೇ ಬಗೆಯಲ್ಲಿ ಉಚ್ಚರಿಸುತ್ತಾರೆಯೇ ಎಂಬುದೆಲ್ಲ ಬೇಕು. ಎಲ್ಲಕ್ಕಿಂತ ತೊಡಕಿನದು, ಪದ ಆ ಭಾಷೆಯದೇ ಅಥವಾ ನೆರೆಯಿಂದ ಬಂದದ್ದೇ ಎಂಬ ಪ್ರಶ್ನೆ. ಹಳೆಯ ಪಕಾರ ಕನ್ನಡದಲ್ಲಿ ಹಕಾರವಾಗಿದೆ, ತುಳುವಿನಲ್ಲಿ ಹಾಗೆಯೇ ಉಳಿದಿದೆ: ಕನ್ನಡದ ಹಾಲು ತುಳುವರಿಗೆ ಪೇರ್. ಹೀಗಾಗಿ ಹಕಾರದಿಂದ ಮೊದಲಾಗುವ ತುಳು ಪದ ಎದುರಾದರೆ ಕನ್ನಡದಿಂದ ಹೋದದ್ದಿರಬಹುದು ಎಂಬ ಅನುಮಾನ ಸಹಜ. ಆದರೆ ತುಳುವಿನ ಕೆಲವು ಸಮುದಾಯಗಳ ಮಾತಿನಲ್ಲಿ ತಕಾರ, ಸಕಾರಗಳೂ ಹಕಾರವಾಗುತ್ತವೆ. ಹೊರಗಿನ ವಿದ್ವಾಂಸ ಎಡವುವುದು ಇಲ್ಲಿಯೇ. ಆ ಮಾತಿನ ನಡುವೆ ಬದುಕಿದ ತುಳು ಅಧ್ಯಾಪಕರೊಬ್ಬರ ನಾಲ್ಕು ಸಾಲಿನ ಉತ್ತರ ತಪ್ಪು ತೀರ್ಮಾನವೊಂದನ್ನು ತಡೆಯಬಲ್ಲದು. ಪದ ‘ಇಲ್ಲ’ ಎಂಬ ಉತ್ತರಕ್ಕೂ ಅಷ್ಟೇ ಬೆಲೆಯಿದೆ. ಕೊಟ್ಟವರ ಹೆಸರನ್ನು ಕೊಟ್ಟ ಮಾಹಿತಿಯ ಜೊತೆಗೇ ಮುದ್ರಿಸುವುದು ಬರಿಯ ಉಪಚಾರವೂ ಅಲ್ಲ. ಮುಂದೆ ಸಂದೇಹ ಬಂದಾಗ ಯಾರ ಸಾಕ್ಷಿಯನ್ನು ಪರೀಕ್ಷಿಸಬೇಕೆಂದು ತಿಳಿಯುವುದು ಅದರಿಂದಲೇ.

ಕೋಶ ಬಂದ ಏಳು ವರ್ಷಕ್ಕೇ, 1968ರಲ್ಲಿ, ಅದಕ್ಕೊಂದು ಪುರವಣಿ ಬೇಕಾಯಿತು. ಅಷ್ಟರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಕನ್ನಡದ ಉಪಭಾಷೆಗಳ ಅಧ್ಯಯನಗಳೂ ಹೊರಬರತೊಡಗಿದ್ದವು. 1984ರ ಪರಿಷ್ಕೃತ ಆವೃತ್ತಿಯಲ್ಲಿ ಮುಖ್ಯ ನಮೂದುಗಳು ಐದೂವರೆ ಸಾವಿರ ದಾಟಿದವು. ಅಲ್ಲಿ ಕನ್ನಡವೆಂದರೆ ಕಿಟ್ಟೆಲ್ಲರ ಗ್ರಾಂಥಿಕ ರೂಪಗಳಷ್ಟೇ ಅಲ್ಲ. ಹವ್ಯಕ, ಗೌಡ, ಬಾರ್ಕೂರು, ನಂಜನಗೂಡು ಮಾತುಗಳ ರೂಪಗಳೂ ಅವುಗಳ ಪಕ್ಕದಲ್ಲಿ ಬಂದು ಕುಳಿತಿವೆ.